ಓಹಾಯೋದ ಬಾಗಿಲಲ್ಲಿ ಆರತಿ

ಕೋಯಂಬೇಡು

ಅಮೆರಿಕದಿಂದ ಮರಳಿ ಚೆನ್ನೈನ ಈ ಮಾರ್ಕೆಟ್ಟಿನ ನಮ್ಮ ಈರುಳ್ಳಿ ಮಂಡಿಯಲ್ಲಿ ಕೂತ ದಿನದಿಂದ ಎಲ್ಲರದೂ ಒಂದೇ ಪ್ರಶ್ನೆ: ಎಲೆಕ್ಷನ್ ಹೊತ್ತಿನಲ್ಲಿ ಅಲ್ಲೇ ಇದ್ದಿರಲ್ಲ, ಹೇಗಿತ್ತು? ಮೂಟೆ ಇಳಿಸುವವರು ತಮಿಳಿನಲ್ಲಿ ಕೇಳುತ್ತಾರೆ. ಗದಗಿನಿಂದ ಲಾರಿ ತರುವವರು ಕನ್ನಡದಲ್ಲಿ ಕೇಳುತ್ತಾರೆ. ಪೆರುಂಗುಡಿಯ ಐಟಿ ಕಂಪನಿಯಲ್ಲಿರುವ ತಮ್ಮನ ಮಗಳನ್ನು ನಾನು ಕನ್ನಡದಲ್ಲಿ ಮಾತಾಡಿಸಿದರೂ ಅವಳು ಇಂಗ್ಲಿಷಿನಲ್ಲೇ ಕೇಳುತ್ತಾಳೆ. ನನ್ನ ಹತ್ತಿರ ಯಾವ ಭಾಷೆಯಲ್ಲೂ ಉತ್ತರವಿಲ್ಲ. ಹೋಗುವಾಗ ಆ ದೇಶದ ರಾಜಕೀಯ ಒಂದಿಷ್ಟಾದರೂ ತಿಳಿದಿದೆ ಎಂಬ ಭ್ರಮೆಯಿತ್ತು. ಬರುವಾಗ ಅದೂ ಉಳಿದಿರಲಿಲ್ಲ.

ನಾನು ಈರುಳ್ಳಿ ವ್ಯಾಪಾರದವಳು. ಅಜ್ಜ ಗದಗಿನ ಕಡೆಯಿಂದ ಮದರಾಸಿಗೆ ಬಂದು ಮಂಡಿ ಹಾಕಿದ, ಅಪ್ಪ ಬೆಳೆಸಿದ, ಈಗ ನಾನೂ ತಮ್ಮನೂ ನಡೆಸುತ್ತೇವೆ. ಮನೆ ಕೀಲ್ಪಾಕಿನಲ್ಲಿ. ಮನೆಯೊಳಗೆ ಗದಗಿನ ಕನ್ನಡ, ಗೇಟು ದಾಟಿದರೆ ತಮಿಳು, ಜಗಳ ಬಂದರೆ ಎರಡೂ. ಅಮೆರಿಕ ನೋಡಬೇಕೆಂಬ ಆಸೆ ನನಗೆಂದೂ ಇರಲಿಲ್ಲ. ಆದರೆ ಅದೇ ಕೀಲ್ಪಾಕ್ ಮನೆಯಲ್ಲಿ ನನ್ನ ಜೊತೆ ಬೆಳೆದ ದೊಡ್ಡಪ್ಪನ ಮಗಳು ವಿಜಯಕ್ಕ, ಓಹಾಯೋದ ತನ್ನ ಮನೆಯ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಳು. ಫೋನು ಮಾಡಿ, ‘ನೀಲಾ, ನೀ ಬಾರವ್ವ. ಇಲ್ಲಿ ಒಂದ್ ಗ್ಲಾಸು ರಸಂ ಮಾಡಿ ಕೊಡೋರು ಯಾರೂ ಇಲ್ಲ’ ಎಂದು ಅತ್ತಳು. ಅಕ್ಕನ ಗಂಡ ಶಿವಾನಂದ ಮಾಮಾಗೆ ಅಡುಗೆ ಬರುವುದಿಲ್ಲವೆಂದಲ್ಲ. ಅದು ಚುನಾವಣೆಯ ಕಾಲ, ಅವರು ಮನೆಯಲ್ಲೇ ಇರುತ್ತಿರಲಿಲ್ಲ.

ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಅಕ್ಕ ಕನ್ನಡ ಓದುವುದು ಬಿಟ್ಟು ಎಷ್ಟೋ ಕಾಲವಾಯಿತು, ಆದರೂ ಎಚ್ಚರಿಕೆಯಲ್ಲಿರುವುದು ಒಳ್ಳೆಯದು. ಯಾಕೆಂದು ಕೊನೆಯಲ್ಲಿ ನಿಮಗೇ ತಿಳಿಯುತ್ತದೆ.

ವಿಮಾನ ನಿಲ್ದಾಣ

ಅಕ್ಕನಿಗೆಂದು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ಸಣ್ಣ ಸಾಂಬಾರ್ ಈರುಳ್ಳಿ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿನ ಅಧಿಕಾರಿ ಕೈಗವಸು ಹಾಕಿಕೊಂಡು ಪೆಟ್ಟಿಗೆ ತೆಗೆದ. ರೊಟ್ಟಿಯೊಂದನ್ನು ಎತ್ತಿ ಬೆರಳಿನಿಂದ ತಟ್ಟಿದ. ಟಣ್ ಎಂದಿತು. ‘ಇದೇನು?’ ಎಂದ. ‘ಬ್ರೆಡ್’ ಎಂದೆ. ಅವನು ನನ್ನನ್ನೇ ನೋಡಿದ. ಇನ್ನೊಬ್ಬನನ್ನು ಕರೆದು ತೋರಿಸಿದ. ಅವನೂ ತಟ್ಟಿದ. ಕೊನೆಗೆ ನಾನೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದು ತೋರಿಸಬೇಕಾಯಿತು. ರೊಟ್ಟಿ ಪಾರಾಯಿತು. ಆದರೆ ಈರುಳ್ಳಿ ಹಸಿ ಪದಾರ್ಥವೆಂದು ಕಸದ ಡಬ್ಬಿಗೆ ಹೋಯಿತು. ಈರುಳ್ಳಿ ಮಂಡಿಯವಳ ಕಣ್ಣೆದುರಿಗೇ ಈರುಳ್ಳಿ ಕಸಕ್ಕೆ ಬೀಳುವುದೆಂದರೆ ಏನೆಂದು ಆ ಪುಣ್ಯಾತ್ಮನಿಗೆ ಹೇಗೆ ತಿಳಿಯಬೇಕು? ನನಗೆ ನಿಜವಾಗಿ ಕಣ್ಣೀರು ಬಂತು.

ಹೊರಗೆ ಕಾದಿದ್ದ ಮಾಮಾಗೆ ಹೇಳಿದರೆ ಅವರಿಗೆ ಸಂತೋಷವೇ ಆಯಿತು. ‘ನೋಡಿದೇನು ನೀಲವ್ವ? ನಿನ್ನ ಚೀಲದಾಗಿನ ಉಳ್ಳಾಗಡ್ಡಿಗೂ ಸರಕಾರ ಕೈ ಹಾಕ್ತೈತಿ. ನಾ ಇಪ್ಪತ್ತು ವರ್ಷದಿಂದ ಇದನ್ನ ಹೇಳಾಕತ್ತೀನಿ’ ಎಂದರು. ಮನೆ ಮುಟ್ಟುವವರೆಗೂ ಅದನ್ನೇ ಹೇಳಿದರು.

ಮಾಮಾ ಹುಬ್ಬಳ್ಳಿಯವರು. ಎತ್ತರದ ಆಳು, ಬಿಳಿ ಮೀಸೆ. ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲಿನ ವ್ಯಾಪಾರ. ಇಳಕಲ್ಲಿನ ಕೆಂಪು ಕಲ್ಲು ನಮ್ಮ ಚೆನ್ನೈ ಬಂದರಿನಲ್ಲಿ ಹಡಗು ಹತ್ತಿ ಅವರ ಅಂಗಡಿಗೆ ಬರುತ್ತದೆ. ಆದರೆ ಮಾಮಾನ ಜೀವ ಇರುವುದು ಕಲ್ಲಿನಲ್ಲಲ್ಲ, ಅವರ ಸಂಘದಲ್ಲಿ. ಸಂಘದ ಹೆಸರು ಉದ್ದವಾಗಿತ್ತು, ‘ಸ್ವಾತಂತ್ರ್ಯ’ ಎಂಬ ಮಾತು ಅದರಲ್ಲಿ ಎರಡು ಸಲ ಬರುತ್ತಿತ್ತು. ವ್ಯಾಪಾರಕ್ಕೆ ಸರಕಾರ ಅಡ್ಡ ಬರಬಾರದು, ತೆರಿಗೆ ಕಡಿಮೆಯಿರಬೇಕು, ಕೊಳ್ಳುವವನೂ ಮಾರುವವನೂ ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳಬೇಕು ಎಂಬುದು ಅವರ ಮತ. ಪ್ರತಿ ಚುನಾವಣೆಯಲ್ಲೂ ಮನೆಮನೆಯ ಬಾಗಿಲು ಬಡಿದು ಅಲ್ಲಿನ ಎರಡು ದೊಡ್ಡ ಪಕ್ಷಗಳಲ್ಲಿ ಆನೆ ಗುರುತಿನ ಪಕ್ಷಕ್ಕೆ ಓಟು ಕೇಳುವುದು ಅವರ ಕೆಲಸ.

‘ನಾವು ಕನ್ಸರ್ವೇಟಿವ್ ಮಂದಿ’ ಎಂದು ಮಾಮಾ ಎದೆಯುಬ್ಬಿಸಿ ಹೇಳಿದರು. ನಮ್ಮ ಕೀಲ್ಪಾಕಿನಲ್ಲಿ ಕನ್ಸರ್ವೇಟಿವ್ ಎಂದರೆ ಬಾಡಿಗೆ ಮನೆಯಲ್ಲಿ ಮೀನು ಬೇಯಿಸಬೇಡಿ ಅನ್ನುವವರು. ಮಾಮಾ ದಾರಿಯಲ್ಲಿ ಕಾರು ನಿಲ್ಲಿಸಿ ಕೋಳಿ ಬರ್ಗರ್ ತಿಂದರು. ನನ್ನ ಗೊಂದಲ ಶುರುವಾದದ್ದು ಅಲ್ಲಿಂದ.

ಅಕ್ಕನ ಬೀದಿ

ಆ ಬೀದಿಯಲ್ಲಿ ಕಾಂಪೌಂಡು ಗೋಡೆಯೇ ಇಲ್ಲ. ಪ್ರತಿ ಮನೆಯ ಮುಂದೆ ಹುಲ್ಲು, ಹುಲ್ಲಿನ ಮೇಲೆ ಮೇಪಲ್ ಮರದ ಕೆಂಪೆಲೆ, ಎಲೆಗಳ ನಡುವೆ ಕಡ್ಡಿಗೆ ಚುಚ್ಚಿ ನಿಲ್ಲಿಸಿದ ಸಣ್ಣ ಸಣ್ಣ ಬೋರ್ಡು. ಬೋರ್ಡಿನ ಮೇಲೆ ಹೆಸರು. ಮೊದಲ ದಿನ ಹಾಗೇ ಅಡ್ಡಾಡಿ ಬಂದು, ‘ಅಕ್ಕಾ, ಈ ಬೀದ್ಯಾಗ ಒಬ್ಬಾಂವನ ಇಷ್ಟೊಂದು ಮನಿ ಕೊಂಡಾನಲ್ಲ, ಭಾರಿ ಸಾವಕಾರ ಇರಬೇಕು’ ಎಂದೆ. ಅಕ್ಕ ಮುರಿದ ಕಾಲು ನೋಯುವಷ್ಟು ನಕ್ಕಳು. ಅವು ಮನೆಯೊಡೆಯರ ಹೆಸರಲ್ಲ, ಚುನಾವಣೆಗೆ ನಿಂತವರ ಹೆಸರು. ನಾವು ಯಾರಿಗೆ ಓಟು ಹಾಕುತ್ತೇವೆಂದು ಮನೆಯವರೇ ಅಂಗಳದಲ್ಲಿ ಸಾರುತ್ತಾರಂತೆ.

ಬೋರ್ಡುಗಳ ಪಕ್ಕದಲ್ಲೇ ಪ್ಲಾಸ್ಟಿಕ್ಕಿನ ಅಸ್ಥಿಪಂಜರ, ಗೋರಿಕಲ್ಲು, ಜೇಡರ ಬಲೆ. ಎದುರು ಪಕ್ಷದವರು ಗೆದ್ದರೆ ಈ ಗತಿ ಎಂದು ಹೆದರಿಸಲು ಇಟ್ಟಿದ್ದಾರೆಂದು ನಾನು ತಿಳಿದೆ. ಅದು ಅವರ ಭೂತಗಳ ಹಬ್ಬವಂತೆ, ರಾಜಕೀಯಕ್ಕೂ ಅದಕ್ಕೂ ಸಂಬಂಧವಿಲ್ಲವಂತೆ. ನನಗೆ ಈಗಲೂ ಪೂರ್ತಿ ನಂಬಿಕೆ ಬಂದಿಲ್ಲ.

ನಮ್ಮ ಮಂಡಿಯಲ್ಲಿ ಓಟಿನ ಮಾತೆಂದರೆ ಹೆಂಗಸಿನ ವಯಸ್ಸಿದ್ದ ಹಾಗೆ, ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಅಪ್ಪ ಯಾರಿಗೆ ಹಾಕುತ್ತಿದ್ದರೆಂದು ಅವ್ವನಿಗೇ ಗೊತ್ತಿರಲಿಲ್ಲ. ಇಲ್ಲಿ ನೋಡಿದರೆ ನಾಯಿ ತಿರುಗಾಡಿಸುವವರೂ ಓದಿಕೊಂಡು ಹೋಗುವ ಹಾಗೆ ಬರೆದು ನಿಲ್ಲಿಸಿದ್ದಾರೆ.

ಮಾಮಾನ ಅಂಗಳದಲ್ಲಿ ಮಾತ್ರ ಅಧ್ಯಕ್ಷನ ಚುನಾವಣೆಯ ಬೋರ್ಡು ಇರಲಿಲ್ಲ. ಶೆರೀಫ್ ಎಂಬ ಪೊಲೀಸ್ ಮುಖ್ಯಸ್ಥನ ಜಾಗಕ್ಕೂ ಜಡ್ಜಿನ ಜಾಗಕ್ಕೂ ನಿಂತ ಆನೆ ಪಕ್ಷದ ಇಬ್ಬರ ಹೆಸರಿತ್ತು, ಎಲ್ಲಕ್ಕಿಂತ ದೊಡ್ಡ ಹೆಸರಿಗೆ ಜಾಗ ಖಾಲಿ. ಯಾಕೆಂದು ಕೇಳಿದೆ. ಅಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

‘ಅದೇ ಪ್ರಾಬ್ಲಂ ನೋಡವ್ವ. ಇವರ ಪಾರ್ಟಿ ಆಸಾಮಿ ಹೊರಗಿನ ಸಾಮಾನಿಗೆಲ್ಲಾ ಸುಂಕಾ ಏರಸ್ತೀನಿ ಅಂತಾನೆ. ಇವರು ಸುಂಕಾನೇ ಬ್ಯಾಡ ಅಂತ ಇಷ್ಟ್ ವರ್ಷ ಕೂಗಿದೋರು. ಈಗ ಬೋರ್ಡು ಹಾಕಾಕ ಮನಸಿಲ್ಲ. ಹಾಕದಿದ್ರ ಸಂಘದೋರು ಸುಮ್ಮಾ ಬಿಡಂಗಿಲ್ಲ.’

‘ಬಿಡದಿದ್ರ ಏನಾಗತೈತಿ?’

‘ಮುಂದಿನ ವರ್ಷ ಊರಿನ ಕೌನ್ಸಿಲ್ಲಿಗೆ ಇವರನ್ನ ನಿಲ್ಲಸ್ತೀವಿ ಅಂತ ಸಂಘದೋರು ಮಾತು ಕೊಟ್ಟಾರ. ಅವರ ಬಲ ಇಲ್ಲದೆ ಇಲ್ಲಿ ಗೆಲ್ಲಾಕ ಆಗಲ್ಲ. ಇಪ್ಪತ್ತು ವರ್ಷ ಊರವರ ಹೆಸರೆಲ್ಲಾ ಹೊತ್ತು ತಿರುಗ್ಯಾರ, ನೀಲಾ. ಒಮ್ಮೆ ತಮ್ಮ ಹೆಸರಿನ ಬೋರ್ಡು ಈ ಬೀದ್ಯಾಗ ನೋಡಬೇಕು ಅಂತ ಆಸೆ. ಬಾಯಿಬಿಟ್ಟು ಹೇಳಂಗಿಲ್ಲ, ಆದ್ರ ನಂಗೊತ್ತು.’

ಶನಿವಾರದ ಹೋಟೆಲು

ಸಂಘದವರು ಶನಿವಾರ ಬೆಳಿಗ್ಗೆ ಒಂದು ಹೋಟೆಲಿನಲ್ಲಿ ಸೇರುತ್ತಿದ್ದರು. ಮಾಮಾ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಕಾಫಿ ಲೋಟ ಬರಿದಾಗಲು ಬಿಡುವುದಿಲ್ಲ. ಸುರಿಯುತ್ತಲೇ ಇರುತ್ತಾರೆ, ರುಚಿ ಮಾತ್ರ ಫಿಲ್ಟರಿನ ಮೂರನೇ ನೀರಿನದು. ಸಾಕು ಎಂದು ಹೇಳುವುದು ಹೇಗೆಂದು ತಿಳಿಯದೆ ನಾನು ಕುಡಿದೇ ಕುಡಿದೆ.

ಸಂಘದ ಮುಖ್ಯಸ್ಥೆ ಕ್ಯಾರಲ್ ಎಂಬ ಹೆಂಗಸು, ನಿವೃತ್ತ ಗಣಿತದ ಟೀಚರು. ನೆಟ್ಟಗೆ ಕೂತು ನೆಟ್ಟಗೆ ಮಾತಾಡುತ್ತಿದ್ದಳು. ಇನ್ನೊಬ್ಬ ಡೇಲ್, ಸೋಯಾ ಬೆಳೆಯುವ ರೈತ, ಕಾರ್ಖಾನೆಯ ಬಾಗಿಲಿನಷ್ಟು ಅಗಲದ ಮನುಷ್ಯ. ಮಾಮಾನನ್ನು ಎಲ್ಲರೂ ‘ಶಿವ್’ ಎನ್ನುತ್ತಿದ್ದರು. ಶಿವನನ್ನು ಅರ್ಧಕ್ಕೆ ತುಂಡರಿಸಿ ಕರೆದರೆ ಹುಬ್ಬಳ್ಳಿಯವರು ಹೇಗೆ ಸಹಿಸುತ್ತಾರೋ ಅನಿಸಿತು, ಆದರೆ ಮಾಮಾನ ಮುಖ ಅಲ್ಲಿ ಅರಳಿತ್ತು.

ಅವತ್ತಿನ ಚರ್ಚೆ ಓಟು ಯಾರಿಗೆ ಎಂಬುದೇ. ನಾನು ಕಿವಿಗೊಟ್ಟು ಕೇಳಿದೆ. ನನ್ನದು ಮಂಡಿಯ ಇಂಗ್ಲಿಷು, ತಿಳಿದಷ್ಟನ್ನು ಹೇಳುತ್ತೇನೆ. ಒಬ್ಬರು, ಸುಂಕದ ಮಾತು ಹಿಡಿಸದಿದ್ದರೂ ಮೂಗು ಮುಚ್ಚಿಕೊಂಡು ನಮ್ಮ ಪಕ್ಷಕ್ಕೇ ಹಾಕಬೇಕು, ಆ ಕಡೆಯವರು ಬಂದರೆ ತೆರಿಗೆ, ಕಾನೂನು ಎಲ್ಲ ಹೆಚ್ಚುತ್ತದೆ ಎಂದರು. ಇನ್ನೊಬ್ಬರು, ಗೆಲ್ಲದ ಸಣ್ಣ ಪಕ್ಷವೊಂದು ನಮ್ಮ ತತ್ವಕ್ಕೆ ಸರಿಯಾಗಿದೆ, ಅದಕ್ಕೆ ಹಾಕಿ ಎಂದರು. ಗೆಲ್ಲದವರಿಗೆ ಹಾಕುವುದೆಂದರೆ ಎದುರಾಳಿಗೆ ಹಾಕಿದಂತೆ ಎಂದು ಕ್ಯಾರಲ್ ಗದರಿದಳು. ಸುಂಕ ಹಾಕಲಿ, ಹೊರಗಿನವರಿಗೆ ಬುದ್ಧಿ ಬರುತ್ತದೆ ಎಂದು ಡೇಲ್ ಹೇಳಿದ. ಅವನ ಸೋಯಾ ಕೊಳ್ಳುವವರು ಆ ಹೊರಗಿನವರೇ ಅಲ್ಲವೇ ಎಂದು ಮಾಮಾ ಕೇಳಿದರು. ಹೌದು, ನಷ್ಟವಾದರೆ ಸರಕಾರ ಪರಿಹಾರ ಕೊಡಲಿ ಎಂದ ಡೇಲ್. ಸರಕಾರ ದೂರವಿರಬೇಕು ಎಂಬ ಸಂಘದಲ್ಲಿ ಕೂತು ಈ ಮಾತು ಆಡಿದ್ದಕ್ಕೆ ಯಾರೂ ಬೆಚ್ಚಿಬೀಳಲಿಲ್ಲ. ನಾನೊಬ್ಬಳೇ ಕಾಫಿ ನೆತ್ತಿಗೇರಿಸಿಕೊಂಡೆ.

ಕ್ಯಾರಲ್ ನನ್ನ ಕಡೆ ತಿರುಗಿ, ‘ನೀವು ವ್ಯಾಪಾರಿ. ನಿಮ್ಮ ದೇಶದಲ್ಲಿ ಮುಕ್ತ ಮಾರುಕಟ್ಟೆ ಹೇಗಿದೆ, ಹೇಳಿ’ ಎಂದಳು.

ನಾನು ಇದ್ದದ್ದು ಇದ್ದಂತೆ ಹೇಳಿದೆ. ‘ಈರುಳ್ಳಿ ಬೆಲೆ ಏರಿದಾಗ ಸರಕಾರ ಹೊರದೇಶಕ್ಕೆ ಕಳಿಸಬೇಡಿ ಅನ್ನುತ್ತದೆ. ಆಗ ನಾವೆಲ್ಲ ಸರಕಾರ ದೂರ ಹೋಗಲಿ ಅಂತ ಕೂಗುತ್ತೇವೆ. ಬೆಲೆ ಬಿದ್ದಾಗ ಸರಕಾರ ಎಲ್ಲಿ ಹೋಯಿತು, ಬಂದು ಕೊಳ್ಳಲಿ ಅಂತ ನಾವೇ ಕೂಗುತ್ತೇವೆ. ಈಗ ಕೂತಿರುವ ಮಾರ್ಕೆಟ್ಟೂ ಸರಕಾರ ಕಟ್ಟಿಸಿದ್ದೇ. ಅದರ ಗೇಟಿನ ಹೊರಗೆ ತಳ್ಳುಗಾಡಿಯವರು ಈರುಳ್ಳಿ ಮಾರಿದರೆ, ಪೊಲೀಸರನ್ನು ಕಳಿಸಿ ಓಡಿಸಿ ಅಂತ ಅರ್ಜಿ ಕೊಡುವವರೂ ನಾವೇ.’

ಮೇಜಿನ ಸುತ್ತ ಜೋರು ನಗು. ಡೇಲ್ ಚಪ್ಪಾಳೆ ತಟ್ಟಿದ. ನಾನು ತಮಾಷೆ ಮಾಡಿರಲಿಲ್ಲ. ಅವರು ನಕ್ಕದ್ದು ನಮ್ಮನ್ನು ನೋಡಿಯೋ, ತಮ್ಮನ್ನು ನೋಡಿಯೋ ನನಗೆ ತಿಳಿಯಲೇ ಇಲ್ಲ.

ಬಾಗಿಲು

ಈಗ ನಾನು ಮಾಡಿದ ಘನಕಾರ್ಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಅಪ್ಪನ ಮಾತು ಹೇಳಬೇಕು. ‘ಓಟು ಕೇಳಾಕ ಬಾಗಲಿಗೆ ಬಂದವರಿಗೆ ಇಲ್ಲ ಅನಬಾರದು. ಹ್ಞೂಂ ಅನ್ನು, ಮಜ್ಜಿಗಿ ಕೊಡು, ಆರತಿ ಎತ್ತು. ಓಟು ಹೆಂಗೂ ನಿನ್ನ ಕೈಯಾಗ ಐತಿ’ ಎನ್ನುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವ್ಯಾಪಾರಸ್ಥರ ಮನೆಗೆ ಯಾವ ಪಕ್ಷದವರು ಬಂದರೂ ನಮ್ಮವರೇ. ಕೀಲ್ಪಾಕಿನಲ್ಲಿ ಚುನಾವಣೆ ಬಂದರೆ ನಮ್ಮ ಮನೆಯ ಆರತಿ ತಟ್ಟೆ ಒಳಗೆ ಹೋಗುವುದೇ ಇಲ್ಲ. ಒಂದೇ ಬೆಳಿಗ್ಗೆ ಮೂರು ಪಕ್ಷಗಳಿಗೆ ಎತ್ತಿದವಳು ನಾನು. ಬಂದವರಿಗೂ ಅದು ಗೊತ್ತು. ಎದುರು ಪಕ್ಷದವರ ಕುಂಕುಮ ತಟ್ಟೆಯಲ್ಲಿ ಒದ್ದೆಯಾಗಿಯೇ ಇರುವಾಗ ನಗುತ್ತ ಹಣೆಯೊಡ್ಡುತ್ತಾರೆ.

ಅವತ್ತು ಮಧ್ಯಾಹ್ನ ಅಕ್ಕ ನೋವಿನ ಮಾತ್ರೆ ನುಂಗಿ ಮಹಡಿಯಲ್ಲಿ ಮಲಗಿದ್ದಳು. ಮಾಮಾ ಅಂಗಡಿಗೆ ಹೋಗಿದ್ದರು. ಬಾಗಿಲ ಗಂಟೆ ಸದ್ದಾಯಿತು. ಬಾಗಿಲಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು, ಅವಳ ಹಿಂದೆ ಕಂಕುಳಲ್ಲಿ ಬೋರ್ಡುಗಳನ್ನಿಟ್ಟುಕೊಂಡ ಮುದುಕ. ತನ್ನ ಹೆಸರು ಜೂಲಿ, ಆನೆಗೆ ಎದುರಾದ ಕತ್ತೆ ಗುರುತಿನ ಪಕ್ಷದಿಂದ ರಾಜ್ಯದ ವಿಧಾನಸಭೆಗೆ ನಿಂತಿದ್ದೇನೆ ಎಂದಳು. ಅಭ್ಯರ್ಥಿಯೇ ನಡೆದುಕೊಂಡು ಬಂದಿದ್ದಾಳೆ! ಜೀಪಿಲ್ಲ, ಪಟಾಕಿಯಿಲ್ಲ, ಶಾಲು ಹೊದಿಸುವವರಿಲ್ಲ. ನನಗೆ ಪಾಪ ಅನಿಸಿತು.

ಕೂರಿಸಿದೆ. ಕರಿಬೇವು ಶುಂಠಿ ಹಾಕಿದ ಮಜ್ಜಿಗೆ ಕೊಟ್ಟೆ. ಅಕ್ಕನ ದೇವರ ಗೂಡಿನಿಂದ ತಟ್ಟೆ ತಂದು, ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನಲ್ಲಿ ಆರತಿ ಎತ್ತಿದೆ. ಅದನ್ನೂ ಕುಡಿಯಬೇಕೇನೋ ಎಂದು ಅವಳು ಕೈ ಚಾಚಿದಳು. ತಡೆದು, ಹಣೆಗೆ ತಿಲಕವಿಟ್ಟೆ.

‘ಇದು ಶಿವ್ ಮನೆಯಲ್ಲವೇ?’ ಎಂದು ಜೂಲಿ ಅನುಮಾನದಿಂದ ಕೇಳಿದಳು.

‘ಅವರದೇ. ನಾನು ಅವರ ಹೆಂಡತಿಯ ತಂಗಿ.’

‘ಶಿವ್ ಈ ಸಲ ನಮಗೆ ಓಟು ಹಾಕುತ್ತಾರೆಯೇ?’

‘ನಿಮಗೆ ಹಾಕದೆ ಇನ್ಯಾರಿಗೆ? ಈ ಮನೆಯ ಓಟೆಲ್ಲ ನಿಮಗೇ. ಧೈರ್ಯವಾಗಿ ಹೋಗಿ ಬನ್ನಿ’ ಎಂದೆ.

ಅವಳ ಕಣ್ಣಲ್ಲಿ ನೀರು ನಿಂತಿತು. ನನ್ನನ್ನು ಅಪ್ಪಿಕೊಂಡಳು. ಅಂಗಳದಲ್ಲಿ ಬೋರ್ಡು ನೆಡಬಹುದೇ ಎಂದು ಕೇಳಿದಳು. ಧಾರಾಳವಾಗಿ ನೆಡಿ ಎಂದೆ. ಮುದುಕ ತನ್ನ ಪಕ್ಷದ ಎರಡು ಬೋರ್ಡು ನೆಟ್ಟ. ಒಂದು ಜೂಲಿಯದು, ಒಂದು ಅಧ್ಯಕ್ಷನ ಚುನಾವಣೆಯದು. ಆಮೇಲೆ ತಿಲಕ, ತಟ್ಟೆ, ಬೋರ್ಡು, ನಾನು ಎಲ್ಲ ಬರುವ ಹಾಗೆ ಫೋಟೋ ತೆಗೆದರು. ನಾನು ಸೆರಗು ಸರಿಮಾಡಿಕೊಂಡು ನಿಂತೆ. ಬಂದವರನ್ನು ಸಂತೋಷಪಡಿಸಿ ಕಳಿಸಿದ ತೃಪ್ತಿ ನನಗೆ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಅದೇ ಸಂಜೆ

ಫೋಟೋ ಸಂಜೆಯೊಳಗೆ ಊರಿನವರ ಫೋನುಗಳಲ್ಲೆಲ್ಲ ಓಡಾಡಿತ್ತು. ‘ಶಿವ್ ಕುಟುಂಬ ನಮ್ಮ ಜೊತೆ’ ಎಂದು ಜೂಲಿ ಹಾಕಿದ್ದಳಂತೆ. ಮಾಮಾ ಮನೆಗೆ ಬಂದು ಅಂಗಳದಲ್ಲಿ ಕಾರು ನಿಲ್ಲಿಸಿ ಬೋರ್ಡುಗಳ ಮುಂದೆ ನಿಂತರು. ನಂತರ ಒಂದೊಂದಾಗಿ ಕಿತ್ತು, ಮಣ್ಣು ಒರೆಸಿ, ಗ್ಯಾರೇಜಿನಲ್ಲಿ ಒರಗಿಸಿಟ್ಟರು. ಒಳಗೆ ಬಂದಾಗ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಭಯವಾಯಿತು.

‘ನೀಲವ್ವ, ಏನ್ ಮಾಡಿದಿ ಇದು?’

‘ಮಾಮಾ, ಬಾಗಿಲಿಗೆ ಬಂದಿದ್ರು. ಇಲ್ಲ ಅನ್ನಾಕ ಹೆಂಗ ಆಗತೈತ್ರಿ? ನಮ್ಮನ್ಯಾಗ ಎಲ್ಲಾರಿಗೂ ಹ್ಞೂಂ ಅಂತೀವಿ.’

‘ಇಲ್ಲಿ ಹ್ಞೂಂ ಅಂದ್ರ ಹ್ಞೂಂ ಅಂತ ಅರ್ಥ’ ಎಂದರು ಮಾಮಾ, ಪುಟ್ಟ ಹುಡುಗಿಗೆ ಹೇಳುವ ಹಾಗೆ.

ಅಷ್ಟರಲ್ಲಿ ಕ್ಯಾರಲ್ ಫೋನು. ಮಾಮಾ ಸ್ಪೀಕರಿನಲ್ಲಿಟ್ಟರು. ಅವಳೂ ಕೂಗಾಡಲಿಲ್ಲ. ನೆಂಟರಿಗೆ ತಿಳಿಯದೆ ಆದದ್ದೆಂದು ತನಗೆ ಗೊತ್ತು, ಆದರೆ ಎಲ್ಲರೂ ಕೇಳುತ್ತಿದ್ದಾರೆ, ನಾಳೆಯೇ ನಮ್ಮ ಅಧ್ಯಕ್ಷ ಅಭ್ಯರ್ಥಿಯ ದೊಡ್ಡ ಬೋರ್ಡು ಕಳಿಸುತ್ತೇನೆ, ನೆಟ್ಟು ಒಂದು ಫೋಟೋ ಹಾಕಿಬಿಡು, ಅಲ್ಲಿಗೆ ಮುಗಿಯಿತು ಎಂದಳು. ಮಾಮಾ ‘ಯೋಚಿಸುತ್ತೇನೆ’ ಎಂದರು. ‘ಯೋಚಿಸುವುದೇನಿದೆ, ಶಿವ್?’ ಎಂದಳು.

ಅಕ್ಕ ಊರುಗೋಲು ಹಿಡಿದು ಮೆಟ್ಟಿಲಿಳಿದು ಬಂದಿದ್ದಳು. ‘ಹಾಕಿಬಿಡ್ರಿ. ಒಂದು ರಟ್ಟಿನ ಬೋರ್ಡು. ಅದಕ್ಕ ಯಾಕ ಇಷ್ಟು? ಮನಸ್ಸಿನಾಗ ಏನಿದ್ರೂ ಇರಲಿ, ಸುಮ್ಮಾ ಹಾಕಿಬಿಡ್ರಿ!’

‘ಏನಂತ ಹಾಕಲಿ? ಇಪ್ಪತ್ತು ವರ್ಷ ಇದ ಬೀದ್ಯಾಗ ಬಾಗಲಾ ಬಡದು, ಪ್ಯಾಟಿಗೆ ಸರಕಾರ ಕೈ ಹಾಕಬಾರದು ಅಂತ ಹೇಳೀನಿ. ಅದ ಬಾಗಲದ ಮುಂದ ಸುಂಕಾ ಹಾಕ್ತೀನಿ ಅನ್ನಾಂವನ ಹೆಸರು ನೆಡಲೇನು?’

‘ನಿಮ್ಮ ಕಲ್ಲಿನ ವ್ಯಾಪಾರಕ್ಕ ಪೆಟ್ಟು ಬೀಳ್ತದ ಅಂತ ಹಿಂಗ ಮಾಡ್ತೀರಿ ಅಂತಾರ ಜನ.’

‘ಅಂತಾರ’ ಎಂದರು ಮಾಮಾ. ‘ಖರೇನೋ ಏನೋ, ನನಗೂ ಗೊತ್ತಿಲ್ಲ.’

‘ಹಂಗಾದ್ರ ಆ ಕಡೆಯವರಿಗೆ ಹಾಕ್ರಿ.’

‘ಅವರಿಗೆ ಹೆಂಗ ಹಾಕಲಿ? ಅವರು ಬಂದ್ರ ಸುಂಕಾ ಒಂದು ಬಿಟ್ಟು ಉಳಿದದ್ದಕ್ಕೆಲ್ಲಾ ಸರಕಾರನ ಮುಂದ.’

ಅತ್ತ ದರಿ, ಇತ್ತ ಪುಲಿ. ನಡುವೆ ಮಜ್ಜಿಗೆ ಲೋಟ ತೊಳೆಯುತ್ತ ನಾನು. ನನ್ನ ನಾಲಿಗೆಯನ್ನು ಕತ್ತರಿಸಿ ಹಾಕಬೇಕೆನಿಸಿತು. ಅವರ ಮನೆಯ ಅನ್ನ ತಿಂದು, ಅವರ ಬಹುಕಾಲದ ಆಸೆಯನ್ನು ಒಂದು ತಟ್ಟೆ ಅರಿಶಿನ ನೀರಿನಲ್ಲಿ ತೊಳೆದುಬಿಟ್ಟೆನಲ್ಲ ಎಂದು ಅತ್ತೆ. ಅಕ್ಕ ಬಂದು ಸಮಾಧಾನ ಮಾಡಲಿಲ್ಲ. ಅವಳು ಗಂಡನೊಡನೆ ಮಾತು ಬಿಟ್ಟಿದ್ದಳು, ಆ ಬಿಸಿ ನನಗೂ ತಾಗುತ್ತಿತ್ತು. ಮರುದಿನ ಕ್ಯಾರಲ್ ಕಳಿಸಿದ ದೊಡ್ಡ ಬೋರ್ಡು ಬಂತು. ಅದೂ ಗ್ಯಾರೇಜಿಗೆ ಹೋಯಿತು, ಜೂಲಿಯ ಬೋರ್ಡಿನ ಪಕ್ಕಕ್ಕೆ.

ಮತ್ತೆ ಶನಿವಾರ

ನಾನೇ ಹೋಗಿ ಸಂಘದವರಿಗೆ ಹೇಳುತ್ತೇನೆಂದು ಹಟಹಿಡಿದೆ. ಕೆಡಿಸಿದವಳೇ ಸರಿಮಾಡಬೇಕಲ್ಲ. ಹೋಟೆಲಿನಲ್ಲಿ ಎಲ್ಲರೂ ಸೇರಿದ್ದರು. ನಾನು ಎದ್ದುನಿಂತು ಅಪ್ಪನ ನೀತಿ, ಮೂರು ಪಕ್ಷದ ಆರತಿ, ಎಲ್ಲವನ್ನೂ ವಿವರಿಸಿದೆ. ‘ನೀವು ಬಂದಿದ್ದರೆ ನಿಮಗೂ ಆರತಿ ಎತ್ತುತ್ತಿದ್ದೆ. ನಿಮಗೂ ಹ್ಞೂಂ ಅನ್ನುತ್ತಿದ್ದೆ’ ಎಂದೆ. ಇದರಿಂದ ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ.

ಕ್ಯಾರಲ್ ಕನ್ನಡಕ ತೆಗೆದಳು. ‘ಹಾಗಾದರೆ ನಿಮ್ಮ ಮಾತಿಗೆ ಬೆಲೆಯೇನು?’ ಎಂದು ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದಳು.

ನನಗೆ ರೇಗಿತು. ‘ನೀವು ಮೂಗು ಮುಚ್ಚಿಕೊಂಡು ಹಾಕುತ್ತೇವೆ ಅನ್ನುತ್ತೀರಿ. ಬೋರ್ಡಿನಲ್ಲಿ ಮೂಗು ಮುಚ್ಚಿಕೊಂಡ ಚಿತ್ರ ಎಲ್ಲಿದೆ?’ ಎಂದೆ. ಡೇಲ್ ನಗು ತಡೆಯಲು ಲೋಟದಲ್ಲಿ ಮುಖವಿಟ್ಟ. ಉಳಿದವರು ನಗಲಿಲ್ಲ.

ಕ್ಯಾರಲ್ ಮಾಮಾನ ಕಡೆ ತಿರುಗಿದಳು. ‘ಶಿವ್, ಇದು ನಿನ್ನ ನೆಂಟರ ವಿಷಯವಲ್ಲ. ಬೋರ್ಡು ಬಂದು ಇಷ್ಟು ದಿನವಾಯಿತು. ನೀನು ಯಾರಿಗೆ ಓಟು ಹಾಕುತ್ತೀಯ?’

ತುಂಬಿದ ಸಭೆಯಲ್ಲಿ ಒಬ್ಬ ಗಂಡಸನ್ನು ಹೀಗೆ ಕೇಳುವುದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನಮ್ಮಲ್ಲಾಗಿದ್ದರೆ ಕೇಳಿದವರ ಮುಖಕ್ಕೆ ನಕ್ಕು, ‘ನಿಮಗೇ ತಾಯಿ’ ಎಂದು ಎದ್ದು ಬರಬಹುದಿತ್ತು. ಹಾಗೆ ಅನ್ನಲಿ ದೇವರೇ ಎಂದು ನಾನು ಬೇಡಿಕೊಂಡೆ. ಒಂದು ಮಾತು, ಒಂದೇ ಸುಳ್ಳು, ಮುಂದಿನ ವರ್ಷ ಬೀದಿಯ ತುಂಬ ಮಾಮಾನ ಹೆಸರು.

‘ಆ ಸಾಲನ್ನು ಖಾಲಿ ಬಿಡುತ್ತೇನೆ’ ಎಂದರು ಮಾಮಾ. ‘ಉಳಿದದ್ದಕ್ಕೆಲ್ಲ ನಮ್ಮ ಪಕ್ಷಕ್ಕೇ. ಅಧ್ಯಕ್ಷನ ಸಾಲು ಮಾತ್ರ ಖಾಲಿ. ಇಬ್ಬರಿಗೂ ಹಾಕಲು ನನ್ನಿಂದಾಗದು.’

ಯಾರೂ ಕೂಗಲಿಲ್ಲ, ಬೈಯಲಿಲ್ಲ. ಕ್ಯಾರಲ್ ಕನ್ನಡಕ ಹಾಕಿಕೊಂಡಳು. ನೇರವಾಗಿ ಹೇಳಿದ್ದಕ್ಕೆ ಧನ್ಯವಾದ ಎಂದಳು. ಹಾಗಿದ್ದ ಮೇಲೆ ಕೌನ್ಸಿಲ್ಲಿಗೆ ಬೇರೆಯವರನ್ನು ನೋಡಬೇಕಾಗುತ್ತದೆ, ನಿನಗೂ ಅರ್ಥವಾಗುತ್ತದೆ ಎಂದಳು. ಮಾಮಾ ಅರ್ಥವಾಗುತ್ತದೆ ಎಂದರು. ಪರಿಚಾರಿಕೆ ಬಂದು ಎಲ್ಲರ ಲೋಟಕ್ಕೂ ಮತ್ತೆ ಕಾಫಿ ಸುರಿದಳು. ಮಾಮಾ ಕುಡಿಯದೆ ಎದ್ದರು. ಡೇಲ್ ಕಾರಿನವರೆಗೂ ಹಿಂದೆಯೇ ಬಂದು, ‘ನೀನು ಹೇಳಿದ್ದು ತಪ್ಪು, ಶಿವ್. ಆದರೆ ಹೇಳಿದೆಯಲ್ಲ’ ಎಂದು ಕೈಕುಲುಕಿ ಹೋದ. ಅವನು ಮೆಚ್ಚಿದನೋ ಬೈದನೋ ಇವತ್ತಿಗೂ ಯೋಚಿಸುತ್ತಿದ್ದೇನೆ.

ಮನೆಗೆ ಬಂದು ಮಾಮಾ ನಡೆದದ್ದನ್ನು ಅಕ್ಕನಿಗೆ ಹೇಳಿದರು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಚರ್ಚು

ಓಟಿನ ಕೇಂದ್ರ ಒಂದು ಚರ್ಚಿನ ಸಭಾಂಗಣದಲ್ಲಿತ್ತು. ಅಕ್ಕ ಕಾಲಿನ ಕಾರಣ ಹಿಂದಿನ ದಿನವೇ ಅಂಚೆಯಲ್ಲಿ ಓಟು ಕಳಿಸಿದ್ದಳು. ಮಾಮಾನ ಜೊತೆ ನಾನು ಹೋದೆ. ಲಾಠಿಯಿಲ್ಲ, ಬಂದೂಕಿಲ್ಲ, ಬೆರಳಿಗೆ ಶಾಯಿಯಿಲ್ಲ. ಬಾಗಿಲ ಹತ್ತಿರ ಇಬ್ಬರು ಅಜ್ಜಿಯರು ಸ್ವೆಟರ್ ಹೆಣೆಯುತ್ತ ಕೂತು ಬಂದವರಿಗೆ ಕೇಕು ಮಾರುತ್ತಿದ್ದರು. ಓಟಿನ ಕಾಗದವನ್ನು ದೂರದಿಂದ ನೋಡಿದೆ, ಮದುವೆ ಊಟದ ಬಾಳೆಲೆಯಷ್ಟು ಉದ್ದ. ಅಧ್ಯಕ್ಷನಿಂದ ಹಿಡಿದು ಜಡ್ಜು, ರಸ್ತೆ ಎಂಜಿನಿಯರು, ಹೆಣ ಪರೀಕ್ಷೆ ಮಾಡುವ ಅಧಿಕಾರಿಯವರೆಗೆ ಎಲ್ಲರನ್ನೂ ಜನರೇ ಆರಿಸಬೇಕಂತೆ. ಹೆಣದ ಪರೀಕ್ಷೆಗೂ ಪಕ್ಷವೇ ಎಂದು ಕೇಳಬೇಕೆನಿಸಿತು, ಆದರೆ ಅವತ್ತು ನಾನು ಬಾಯಿ ತೆರೆಯುವುದಿಲ್ಲವೆಂದು ಶಪಥ ಮಾಡಿದ್ದೆ.

ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತೆ. ಮಾಮಾ ಮರೆಯ ಹಿಂದೆ ನಿಂತರು. ಅವರ ಹಿಂದೆ ಬಂದವರು ಮುಗಿಸಿ ಹೋದರು. ಅವರಾದ ಮೇಲೆ ಬಂದವರೂ ಹೋದರು. ಮಾಮಾನ ಬೂಟು ಮಾತ್ರ ಅಲ್ಲೇ ಕಾಣುತ್ತಿತ್ತು. ಕೊನೆಗೆ ಹೊರಬಂದು ಕಾಗದವನ್ನು ಯಂತ್ರಕ್ಕೆ ಕೊಟ್ಟರು. ಅಜ್ಜಿಯೊಬ್ಬಳು ಅವರ ಕೋಟಿಗೆ ‘ಓಟು ಹಾಕಿದ್ದೇನೆ’ ಎಂಬ ಸ್ಟಿಕರ್ ಅಂಟಿಸಿ ‘ಥ್ಯಾಂಕ್ಯೂ ಶಿವ್’ ಎಂದಳು. ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಕಾರಿನಲ್ಲಿ ಕೂತ ಮೇಲೂ ಅವರು ಕೀಲಿ ತಿರುಗಿಸಲಿಲ್ಲ.

‘ನೀಲವ್ವ, ಖಾಲಿ ಬಿಡಾಕ ನನ್ನ ಕೈಲಿ ಆಗಲಿಲ್ಲ’ ಎಂದರು.

ಯಾರಿಗೆ ಎಂದು ಕೇಳಲು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

‘ಈ ದೇಶದ ಪ್ರಜೆ ಆಗಾಕ ಎಷ್ಟು ವರ್ಷ ಕಾದೀನಿ. ಪೆನ್ನು ಹಿಡಕೊಂಡು ನಿಂತಾಗ ಆ ಸಾಲು ಖಾಲಿ ಬಿಟ್ಟು ಕಾಗದ ಕೊಡಾಕ ಮನಸಾಗಲಿಲ್ಲ. ಹಳೇ ರೂಢಿ, ಕೈ ತಾನ ಹೋತು.’ ಆಮೇಲೆ ಹೇಳಿದರು: ‘ಕ್ಯಾರಲ್‌ಗೆ ಗೊತ್ತಾದ್ರ ಇವತ್ತ ನನ್ನ ವಾಪಸ್ ಕರಕೊಂಡಾಳು.’

ಆಗ ನನಗೆ ತಿಳಿಯಿತು, ಕೈ ಹೋದದ್ದು ಆನೆಯ ಕಡೆಗೇ. ‘ಹಂಗಾದ್ರ ಹೇಳ್ರಲ್ಲ ಮಾಮಾ! ಈಗ ಹೇಳ್ರಿ. ಕೌನ್ಸಿಲ್ ಸಿಗತೈತಿ.’

‘ಸಿಗತೈತಿ. ಅದಕ್ಕ ಹೇಳಂಗಿಲ್ಲ.’

ಕಾರು ಶುರುಮಾಡಿದರು. ದಾರಿಯುದ್ದಕ್ಕೂ ನಾನು ಲೆಕ್ಕ ಹಾಕಿದೆ, ಲೆಕ್ಕ ಕೂಡಲಿಲ್ಲ. ಹಾಕುವುದಿಲ್ಲವೆಂದು ಹೇಳಿ ಎಲ್ಲ ಕಳೆದುಕೊಂಡವರು, ಹಾಕಿದ್ದಾರೆ. ಹಾಕಿದ್ದೇನೆಂದು ಹೇಳಿದರೆ ಎಲ್ಲ ಮರಳಿ ಸಿಗುತ್ತದೆ, ಹೇಳುವುದಿಲ್ಲ. ತಪ್ಪೆಲ್ಲಿದೆ, ಸರಿಯೆಲ್ಲಿದೆ? ನಾನು ಒಂದು ಕಣ್ಣೋಟಕ್ಕೆ ಮೂಟೆಯಲ್ಲಿ ಕೊಳೆತದ್ದೆಷ್ಟು ಎಂದು ಹೇಳಬಲ್ಲೆ. ಈ ಮನುಷ್ಯನ ವಿಷಯದಲ್ಲಿ ಏನೂ ಹೇಳಲಾರೆ.

ಮನೆಯಲ್ಲಿ ಅಕ್ಕ ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದಳು. ಶನಿವಾರದ ಮೇಲೂ ಗಂಡನ ಜೊತೆ ಮಾತಿರಲಿಲ್ಲ. ನಾವು ಒಳಗೆ ಬಂದಾಗ ಅವಳೇ ಕೇಳಿದಳು.

‘ಹಾಕಿ ಬಂದ್ರೇನು?’

‘ಹ್ಞೂಂ.’

‘ಆ ಸಾಲು ಖಾಲಿ ಬಿಟ್ರೇನು?’

ಮಾಮಾ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ‘ಹ್ಞೂಂ’ ಎಂದರು.

ಅಕ್ಕ ಅವರ ಕೈ ಹಿಡಿದು ಹತ್ತಿರ ಎಳೆದುಕೊಂಡಳು. ಅವಳ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ‘ನಿಮ್ಮಂಥಾ ಹಟಮಾರಿನ ನಾ ಎಲ್ಲೂ ನೋಡಿಲ್ಲ. ಬೈದೆ, ಸಿಟ್ಟಾದೆ, ಎಲ್ಲಾ ಖರೆ. ಆದ್ರ ಆ ಹೋಟೆಲಿನಾಗ ಅಷ್ಟು ಮಂದಿ ಮುಂದ ನೀವು ಹೇಳಿದ್ದು ಯೋಚನೆ ಮಾಡಿ ಮಾಡಿ ನಂಗ ತಡಿಯಾಕಾಗಲಿಲ್ಲ’ ಎಂದಳು. ‘ಅದಕ್ಕೇ ನಾನೂ ಖಾಲಿ ಬಿಟ್ಟೇ ಅಂಚೆಗೆ ಹಾಕಿಸಿದೆ. ನಿಮ್ಮ ಸಲುವಾಗಿ. ನೀವು ಒಬ್ಬರೇ ಆಗಬಾರದು ಅಂತ.’

ಮಾಮಾ ನನ್ನ ಕಡೆ ನೋಡಲಿಲ್ಲ. ಅಕ್ಕನ ಕೈ ಹಿಡಿದುಕೊಂಡು ಹಾಗೇ ನಿಂತಿದ್ದರು.